ಮೀನಿಲ್ಲದ ಟ್ಯಾಂಕಿನ ಲೈಟು

ಗೆಳೆಯರೇ, ನನ್ನ ಟ್ಯಾಂಕಿಗೆ ಪಾಚಿ ಹಿಡಿಸುತ್ತಿದ್ದವರು ಯಾರೆಂದು ಇವತ್ತು ಗೊತ್ತಾಯಿತು.

ನಿಗಡಿಯ ನಮ್ಮ ಮನೆಯಲ್ಲಿ ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಇನ್ನೂ ಮೀನು ಬಿಟ್ಟಿಲ್ಲ. ನೀರನ್ನು ಹದಕ್ಕೆ ತರುವ ಬ್ಯಾಕ್ಟೀರಿಯಾ ಮೊದಲು ಕಲ್ಲುಗಳಲ್ಲಿ ಬೆಳೆಯಬೇಕು. ಅದಕ್ಕೆ ಬೆಳಕು ಬೇಕಿಲ್ಲ. ಲೈಟ್ ಹಾಕಿದರೆ ಪಾಚಿಗೇ ಹಬ್ಬ. ಮೂರು ವಾರದಿಂದ ನಾನು ಸ್ವಿಚ್ ಮುಟ್ಟಿಲ್ಲ. ಆದರೂ ಕಲ್ಲುಗಳು ಹಸಿರಾಗುತ್ತಲೇ ಇದ್ದವು.

ಇವತ್ತು ಆಫೀಸಿನಿಂದ ಮಧ್ಯಾಹ್ನವೇ ಬಂದೆ. ಟ್ಯಾಂಕಿನ ನೀಲಿ ಲೈಟ್ ಉರಿಯುತ್ತಿತ್ತು. ಎದುರಿಗೆ ಕುರ್ಚಿ ಹಾಕಿಕೊಂಡು ನಮ್ಮ ಮಾವ ಕೂತಿದ್ದರು.

"ಮಾವ, ಲೈಟ್ ಹಾಕ್ಬೇಡಿ ಅಂದಿದ್ನಲ್ಲ! ಒಳಗೆ ನೋಡೋಕೆ ಏನಿದೆ?" ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ.

ಅವರು ಗಡಬಡಿಸಿ ಎದ್ದರು. "ತಪ್ಪಾತವ್ವಾ. ಈಗೀಗ ನನಗ ಟಿವಿ ಕಾಣಂಗಿಲ್ಲ, ನಿಮ್ಮ ಮಾರಿನೂ ಮಬ್ಬ ಕಾಣಸ್ತದ. ಈ ನೀಲಿ ಬೆಳಕೊಂದು ಭಾಳ ಛಂದ ಕಾಣಸ್ತದ. ಅದಕ್ಕ ಹಾಕ್ಕೊಂಡ ಕುಂದರ್ತೀನಿ."

ಕಣ್ಣು ಇಷ್ಟು ಮಂಜಾಗಿದೆಯೆಂದು ಅವರು ಹೇಳಿರಲಿಲ್ಲ. ಒಂದೇ ಮನೆಯಲ್ಲಿದ್ದು ನಾನೂ ಗಮನಿಸಿರಲಿಲ್ಲ. ನಾಳೆ ಬೆಳಿಗ್ಗೆಗೇ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಲೈಟ್ ಆರಿಸಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ.

ಪಾಚಿ ಉಜ್ಜಲು ಬ್ರಷ್ ತರಬೇಕು. ನಮ್ಮಲ್ಲಿ ಮೀನಿಗಿಂತ ಮೊದಲೇ ಪ್ರೇಕ್ಷಕರು ಬಂದು ಕೂತಿದ್ದಾರೆ.