ಬೈಗುಳಕ್ಕೆ ಹಾಲು ಕೊಡುವ ಎಮ್ಮೆ

ನನಗೆ ಒಕ್ಕಲುತನ ಬರುವುದಿಲ್ಲ, ಒಕ್ಕಲುತನದ ಮಾತು ಬರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಇಲ್ಲವಾದರೆ ಮುಂದೆ ನಾನು ಬದನೆ ಸಸಿ ನೆಡುವ ಬಗೆ ಹೇಳುವಾಗ ನೀವು ನನ್ನ ಅಂಗೈ ತೋರಿಸು ಎಂದೀರಿ. ಅದು ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಬಣ್ಣದ ನೂಲು ಬಿಚ್ಚಿ ತೋರಿಸುವವನ ಅಂಗೈ. ಮಣ್ಣಿಗೂ ಅದಕ್ಕೂ ಮದುವೆ ಮುಂಜಿಯಲ್ಲಿ ಭೇಟಿಯಾಗುವ ದೂರದ ಬೀಗರಷ್ಟೇ ಪರಿಚಯ.

ಆದರೆ ಸಲಹೆ ಬೇಕೆಂದರೆ ನನ್ನನ್ನೇ ಕೇಳಬೇಕು. ನಾನು ಸಣ್ಣಂದಿನಿಂದ ಮಂದಿಯನ್ನು ಅಣಕಿಸುತ್ತ ಬೆಳೆದವನು. ಅಣಕಿಸಬೇಕಾದರೆ ಮೊದಲು ಕಿವಿಗೊಟ್ಟು ಕೇಳಬೇಕಾಗುತ್ತದೆ. ಹೀಗೆ ನಮ್ಮ ಸುತ್ತಿನ ಕೃಷಿಜ್ಞಾನವೆಲ್ಲ ನನ್ನ ಕೈಗೆ ಕೆಸರಾಗದೆಯೇ ನನ್ನ ಬಾಯಿಗೆ ಬಂದು ಸೇರಿದೆ. ಜಮಖಂಡಿಯ ಬೀಜದಂಗಡಿಯವನ ಧ್ವನಿ ಬೇಕೆ? "ಈ ಬೀಜ ಬಿತ್ತಿ ಲಗೂನ ಹಿಂದ ಸರೀರಿ ಯಜಮಾನರ, ಇಲ್ಲಂದ್ರ ಗಿಡ ಬಂದು ಗದ್ದಕ್ಕ ಬಡೀತೈತಿ!" ದನದ ಡಾಕ್ಟರರದು ಮೂಗಿನಿಂದ ಹೊರಡುವ ಮಾತು. "ಎಮ್ಮಿಗೆ ಕ್ಯಾಲ್ಸಿಯಂ ಕಡಿಮಿ ಐತ್ರಿ. ನಿಮ್ಮ ಮಾರಿ ನೋಡಿದ್ರ ನಿಮಗೂ ಕಡಿಮಿ ಐತಿ." ಮುಧೋಳ ನಾಯಿ ಸಾಕಿದ ನನ್ನ ಗೆಳೆಯನನ್ನು ಅಣಕಿಸಲು ಮಾತೇ ಬೇಡ. ನಾಯಿಯ ಪಕ್ಕದಲ್ಲಿ ಅವನೂ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾನೆ. ನಾಯಿಗೆ ಅದು ಹುಟ್ಟಿನಿಂದ ಬಂದದ್ದು, ಇವನದು ಉಸಿರು ಬಿಡುವ ತನಕ.

ಇಷ್ಟೆಲ್ಲ ಧ್ವನಿಗಳಲ್ಲಿ ನಾನು ಗೆದ್ದದ್ದು ನಮ್ಮ ದೊಡ್ಡವ್ವನ ಧ್ವನಿಯಲ್ಲಿ. ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಮುಧೋಳದ ಕಡೆಯ ನಮ್ಮ ಊರಲ್ಲಿ ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಅವ್ವ, ನಾನು ಎಲ್ಲರೂ ಹೊಲದೊಳಗಿನ ಒಂದೇ ಮನೆಯಲ್ಲಿದ್ದೆವು. ಸುತ್ತ ಕಬ್ಬು. ನಡುವೆ ಬಾವಿಯ ಪಕ್ಕಕ್ಕೆ ಅಂಗಳದಷ್ಟು ಅಗಲದ ಕಾಯಿಪಲ್ಲೆ ಮಡಿ. ಕಬ್ಬು ಗಂಡಸರದು, ಮಡಿ ದೊಡ್ಡವ್ವನದು. ಕಬ್ಬಿನ ಬಗ್ಗೆ ಯಾರು ಬೇಕಾದರೂ ಮಾತಾಡಬಹುದಿತ್ತು. ಮಡಿಯ ಬಗ್ಗೆ ಒಬ್ಬಳೇ.

ಅವಳ ಸಲಹೆಗಳನ್ನು ನಿಮಗೆ ಹಾಗೆಯೇ ದಾಟಿಸುತ್ತೇನೆ. ಬದನೆ ಸಸಿಯನ್ನು ಹೊತ್ತು ಇಳಿದ ಮೇಲೆ ನೆಡಬೇಕು, ಬೇರನ್ನು ಸಗಣಿ ರಾಡಿಯಲ್ಲಿ ಅದ್ದಿ. ಯಾಕೆಂದು ಕೇಳಿದರೆ, "ನಿನ್ನ ಹೊಸಾ ಊರಾಗ ನಡೂ ಮಧ್ಯಾಹ್ನ ಬಸ್ಸಿನಿಂದ ಇಳಿಸಿ ಹೋದ್ರ ಹೆಂಗ ಆಕ್ಕೈತಿ? ಹಂಗs ಅದಕ್ಕೂ" ಎನ್ನುತ್ತಿದ್ದಳು. ಬದನೆಯ ಕುಡಿ ಬಾಡಿ ಬಾಗಿತೆಂದರೆ ಒಳಗೆ ಹುಳು ಕೂತಿದೆ ಎಂದರ್ಥ. ಅಂಥ ಕುಡಿಯನ್ನು ಚಿವುಟಿ ಅಲ್ಲೇ ಎಸೆಯಬಾರದು, ದೂರ ಒಯ್ದು ಹೂಳಬೇಕು. ಬೂದಿಯನ್ನು ಎಲೆಗೆ ಉದುರಿಸುವುದು ಮಂಜಿನ ಹಸಿ ಆರುವ ಮೊದಲು. ಮೆಣಸಿನ ಗಿಡದ ಬುಡದಲ್ಲಿ ನೀರು ನಿಲ್ಲಬಾರದು. ಮೆಂತ್ಯ ಪಲ್ಲೆ ಕೀಳುವವರು ಮೊಬೈಲಿನಲ್ಲಿ ಮಾತಾಡಬಾರದು. ಈ ಕೊನೆಯದು ನನಗಾಗಿಯೇ ಮಾಡಿದ ಕಾಯಿದೆ. ಮಾತಿನ ಭರದಲ್ಲಿ ನಾನು ಒಮ್ಮೆ ಪಕ್ಕದ ಸಾಲಿನ ಎಳೆಯ ಕೊತ್ತಂಬರಿಯನ್ನೆಲ್ಲ ಕಿತ್ತಿದ್ದೆ.

ನಾನು ಮದುವೆ ಮನೆಗಳಲ್ಲಿ ತಲೆಗೆ ಸೆರಗಿನಂತೆ ಟವೆಲ್ ಹೊದ್ದು ಇದನ್ನೆಲ್ಲ ಅವಳ ಧ್ವನಿಯಲ್ಲೇ ಹೇಳುತ್ತಿದ್ದೆ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ದೊಡ್ಡವ್ವ ಹೆಂಗಸರ ಸಾಲಿನಿಂದಲೇ ಕೂಗುತ್ತಿದ್ದಳು, "ಸಾಕ್ ಮಾಡಲೇ ಮಂಗ್ಯಾ! ನಾ ಸತ್ತ ಮ್ಯಾಲ ಯಮನ ಮುಂದೂ ನೀನs ಹೋಗಿ ಮಾತಾಡಾಂವ ಅದಿ!" ಮಂದಿ ಇನ್ನಷ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇನ್ನು ಎಮ್ಮೆಯ ವಿಷಯ. ಅದರ ಹೆಸರು ಚಂದ್ರಿ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯನ್ನು ಕಟ್ಟಿದವನು ಪಾಪ, ಕೋಣನನ್ನು ಮಾತ್ರ ನೋಡಿದ್ದ. ಎಮ್ಮೆಯನ್ನು ನೋಡಿದ್ದರೆ ಕಿನ್ನರಿಯವನಿಗೆ ಬುದ್ಧಿ ಹೇಳುತ್ತಿದ್ದ. ಎಮ್ಮೆಯಂಥ ಕೇಳುಗರು ಲೋಕದಲ್ಲಿಲ್ಲ. ಕರು ಬಾಯಿ ಹಾಕಿದ ಮೇಲೂ ಅದು ಹಾಲನ್ನು ಮೇಲಕ್ಕೆಳೆದು ಹಿಡಿಯಬಲ್ಲದು. ತನಗೆ ಗೊತ್ತಿರುವ ಕೈ, ಗೊತ್ತಿರುವ ವಾಸನೆ, ಗೊತ್ತಿರುವ ದನಿ ಬಂದರಷ್ಟೇ ಕೆಳಗೆ ಬಿಡುತ್ತದೆ. ಕೆಲವರು ಎಮ್ಮೆ ಹಿಂಡುವಾಗ ಹಾಡುತ್ತಾರೆ, ಕೆಲವರು ಬಾಯಿಯಿಂದ ಚುಚ್ ಚುಚ್ ಎನ್ನುತ್ತಾರೆ. ನಮ್ಮ ದೊಡ್ಡವ್ವ ದೊಡ್ಡಪ್ಪನನ್ನು ಬೈಯುತ್ತಿದ್ದಳು.

ಎದುರಿಗೆ ಅವಳು ಬೈದವಳಲ್ಲ. ಚಂದ್ರಿಯ ಹೊಟ್ಟೆಗೆ ಹಣೆ ಆನಿಸಿ, ಚರಿಗೆಯನ್ನು ಮೊಣಕಾಲ ನಡುವೆ ಹಿಡಿದು, ಎರಡೂ ಕೈ ಆಡಿಸುತ್ತ, ಗೋಡೆಯಾಚೆ ಕಟ್ಟೆಯ ಮೇಲೆ ಕೂತ ಗಂಡನಿಗೆ ಕೇಳುವಷ್ಟೇ ಗಟ್ಟಿಯಾಗಿ ಎಮ್ಮೆಗೆ ದೂರು ಹೇಳುತ್ತಿದ್ದಳು. "ಕೇಳಿದೇನs ನಮ್ಮವ್ವಾ, ನಿನ್ನ ಮಾಲಕರು ನಿನ್ನೆ ಏನ್ ಮಾಡಿದ್ರು? ಮೆಣಸಿನಕಾಯಿಗೆ ನೀರ ಬಿಡ್ರಿ ಅಂದ್ರ, ಮೋಟರ ಚಾಲೂ ಮಾಡಿ ಬೇವಿನ ಗಿಡದ ಬುಡಕ ಮಕ್ಕೊಂಡ್ರು. ನೀರ ಮೆಣಸಿನಕಾಯಿಗೂ ಹೋತು, ಮಂದಿ ಹೊಲಕ್ಕೂ ಹೋತು. ಇವರ ನಿದ್ದಿ ಮಾತ್ರ ಎಲ್ಲೂ ಹೋಗಲಿಲ್ಲ." ಚಂದ್ರಿ ಕಣ್ಣು ಅರ್ಧ ಮುಚ್ಚಿ ಹಿಂಡಿ ಮೆಲ್ಲುತ್ತಿತ್ತು. ಹಾಲು ಚರಿಗೆಗೆ ಸರ್ರ್ ಸರ್ರ್ ಎಂದು ಬೀಳುತ್ತಿತ್ತು. ಕಟ್ಟೆಯಿಂದ ದೊಡ್ಡಪ್ಪ, "ಆತಾತು, ನಾಳಿ ನಿಂತು ಹಾಯಸ್ತೀನಿ" ಎನ್ನುತ್ತಿದ್ದ. ಮರುದಿನ ಮತ್ತೆ ಮಲಗುತ್ತಿದ್ದ. ಅವರಿಬ್ಬರ ದಾಂಪತ್ಯದ ಮಾತುಕತೆಯೆಲ್ಲ ಹೀಗೆ ಎಮ್ಮೆಯ ಮೂಲಕವೇ ನಡೆಯುತ್ತಿತ್ತು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ದೊಡ್ಡವ್ವ ತೀರಿಕೊಂಡಳು. ಮಡಿಯಲ್ಲಿ ಕಳೆ ಕೀಳುತ್ತಿದ್ದವಳು ಎದ್ದು ಬಂದು, ಎದೆ ಹಿಡಿದ ಹಾಗಾಗುತ್ತದೆ ಎಂದಳು. ಜಮಖಂಡಿಯ ದವಾಖಾನೆ ಮುಟ್ಟುವ ತನಕ ಇರಲಿಲ್ಲ.

ಮೂರನೆಯ ದಿನ ಬಂದ ನೆಂಟರು ಮನೆ ತೊಳೆದರು. ಸಾವಿನ ಮನೆಗೆ ಬಂದ ಹೆಂಗಸರಿಗೆ ಕೈ ಸುಮ್ಮನಿಡಲು ಆಗುವುದಿಲ್ಲ. ಅವರು ಗೋಡೆ ತೊಳೆದರು, ಪಾತ್ರೆ ತೊಳೆದರು, ದೊಡ್ಡವ್ವನ ಸೀರೆಗಳನ್ನೆಲ್ಲ ಸೋಡಾ ಹಾಕಿ ಕುದಿಸಿ ಒಗೆದರು. ದನದ ಮನೆಯ ಗೂಟಕ್ಕೆ ಅವಳು ಹಾಲು ಹಿಂಡುವಾಗಷ್ಟೇ ಉಡುವ ಒಂದು ಹಳೆಯ ಇಳಕಲ್ ಸೀರೆ ನೇತಾಡುತ್ತಿತ್ತು. ಸಗಣಿ, ಹಿಂಡಿ, ಹಾಲು, ಬೆವರು ಎಲ್ಲ ಬೆರೆತ ವಾಸನೆಯದು. ಇಷ್ಟು ಹೊಲಸು ಸೀರೆ ಅವಳ ಹೆಸರಿಗೆ ಉಳಿಯಬಾರದೆಂದು ಅದನ್ನು ಎರಡು ಸಲ ಒಗೆದರು. ಅತ್ತುಕೊಂಡೇ ಒಗೆದರು. ಎಮ್ಮೆಯ ಪಾಲಿಗೆ ದೊಡ್ಡವ್ವ ನಿಜವಾಗಿ ಹೋದದ್ದು ಅಂದೇ ಇರಬೇಕು. ಅದಕ್ಕೂ ಮೊದಲಿನ ಎರಡು ದಿನ ನಮ್ಮ ಅವ್ವ ಅದೇ ಸೀರೆ ಸುತ್ತಿಕೊಂಡು ಹೇಗೋ ಹಿಂಡಿದ್ದಳು. ಒಗೆದ ಸೀರೆ ಉಟ್ಟು ಹೋದಾಗ ಚಂದ್ರಿ ಒಂದೇ ಒದೆತಕ್ಕೆ ಚರಿಗೆಯನ್ನು ಗೋಡೆಗೆ ಹಚ್ಚಿತು.

ಮರುದಿನ ಮುಂಜಾನೆ ನಾನು ಕಂಡದ್ದನ್ನು ಹೇಳಲೋ ಬಿಡಲೋ ತಿಳಿಯದು. ದೊಡ್ಡಪ್ಪ ಧೋತರದ ಮೇಲೆ ಆ ಸೀರೆ ಸುತ್ತಿ, ತಲೆ ತುಂಬ ಸೆರಗು ಹೊದ್ದು, ಬಿಳಿ ಮೀಸೆಯನ್ನು ಸೆರಗಿನ ತುದಿಯಲ್ಲಿ ಮುಚ್ಚಿಕೊಂಡು ಚಂದ್ರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ನಮ್ಮ ಕಡೆ ಗಂಡಸರು ಈ ಉಪಾಯ ಮಾಡುವುದುಂಟು, ಹೊಸದೇನಲ್ಲ. ಆದರೆ ದೊಡ್ಡಪ್ಪನಿಗೆ ಹಿಂಡಲು ಬರುತ್ತಿರಲಿಲ್ಲ. ಬರೀ ಮೊಲೆತೊಟ್ಟು ಸವರುತ್ತ ಕೂತಿದ್ದ. ನನಗೆ ನಗು ಬಂತು. ನಕ್ಕೂಬಿಟ್ಟೆ. ಅವನು ತಿರುಗಿ ನೋಡಿದ. ಅಂದಿನಿಂದ ನಾನು ಯಾವ ಮದುವೆಯಲ್ಲೂ ಟವೆಲ್ ಹೊದ್ದಿಲ್ಲ.

ದನದ ಡಾಕ್ಟರರು ಬಂದು ಕೆಚ್ಚಲು ಮುಟ್ಟಿ ನೋಡಿದರು. ಅದು ಬಿಗಿದು ಬಿಸಿಯಾಗಿತ್ತು. "ಹಾಲ ಒಳಗ ನಿಂದ್ರಬಾರದ್ರಿ. ಇನ್ನ ಎರಡ ದಿನ ಹಿಂಗs ಆದ್ರ ಕೆಚ್ಚಲಬಾವು ಆಗಿ ಎಮ್ಮಿ ಕೆಡತೈತಿ. ಹಿಂಡಾಕ ಬರೂವಂಥವರಿಗೆ ಕೊಟ್ಟುಬಿಡ್ರಿ" ಎಂದರು. ಅಪ್ಪನೂ ಹೌದೆಂದ. ದೊಡ್ಡಪ್ಪ ಒಂದೇ ಮಾತು ಹೇಳಿದ. "ಅಕಿ ಎಮ್ಮಿ. ಅಕಿನ್ನ ಕೇಳದ ಹೆಂಗ ಕೊಡ್ಲಿ?"

ಅವತ್ತು ಸಂಜೆ ಅವ್ವನನ್ನು ಹಿಂಡಲು ಕೂರಿಸಿ ನಾನು ಚಂದ್ರಿಯ ಕಿವಿಯ ಬಳಿ ನಿಂತೆ. ಗಂಟಲು ಸರಿಮಾಡಿಕೊಂಡೆ. ದೊಡ್ಡವ್ವನ ಧ್ವನಿ ತೆಗೆಯಲು ಗಂಟಲಿನ ಕೆಳಗೆ, ಎದೆಯ ಮೇಲೆ, ಒಂದು ಜಾಗವಿದೆ. ಸಾವಿರ ಸಲ ತೆಗೆದಿದ್ದೆ, ಅಂದೂ ತೆಗೆದೆ. "ಕೇಳಿದೇನs ನಮ್ಮವ್ವಾ, ನಿನ್ನ ಮಾಲಕರು ಇವತ್ತ ಎಳಿ ಬದನಿ ಬಿಟ್ಟು ಬಲತ ಬದನಿ ಹರಕೊಂಡ ಬಂದಾರ. ಕಣ್ಣಿಗೆ ಏನ್ ಪೊರಿ ಬಂದೈತೋ..." ಚಂದ್ರಿ ಕಿವಿ ತಿರುಗಿಸಿತು. ಸುತ್ತ ನೋಡಿತು. ಮತ್ತೆ ಕೇಳಿತು. ಆಮೇಲೆ ಉಸಿರು ಬಿಟ್ಟಿತು. ಚರಿಗೆಯಲ್ಲಿ ಸದ್ದು ಶುರುವಾಯಿತು. ಅವ್ವ ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಅಳುತ್ತಲೇ ಹಿಂಡಿದಳು. ಗೋಡೆಯಾಚೆಯಿಂದ ದೊಡ್ಡಪ್ಪನ ದನಿ ಬಂತು.

"ಆತಾತು. ನಾಳಿ ನೋಡಿ ಹರಿತೀನಿ."

ಹೀಗೆ ಸುಮಾರು ಒಂದು ತಿಂಗಳು ನಡೆಯಿತು. ಮುಂಜಾನೆ ಅಂಗಡಿಗೆ ಹೋಗುವ ಮೊದಲು, ಸಂಜೆ ಬನಹಟ್ಟಿಯಿಂದ ಬೈಕಿನಲ್ಲಿ ಓಡಿಬಂದು, ದಿನಕ್ಕೆ ಎರಡು ಹೊತ್ತು ನಾನು ದೊಡ್ಡಪ್ಪನನ್ನು ಬೈದೆ. ಹಿರಿಯರನ್ನು ಮನೆಮಂದಿಯ ಒಪ್ಪಿಗೆಯಿಂದ ಬೈಯುವ ಭಾಗ್ಯ ಎಷ್ಟು ಮಂದಿಗಿದೆ? ಆದರೆ ವಾರ ಕಳೆಯುವುದರೊಳಗೆ ನನ್ನ ಚೀಲ ಬರಿದಾಯಿತು. ಅವಳು ಬೈದ ಹಳೆಯ ಬೈಗುಳಗಳೆಲ್ಲ ಮುಗಿದವು. ಹೊಸದನ್ನು ನಾನೇ ಹುಟ್ಟಿಸತೊಡಗಿದೆ. ಬದನೆಯ ಕುಡಿ ಬಾಡಿದ್ದು, ಟೊಮ್ಯಾಟೊಗೆ ಕೋಲು ಕೊಡದಿದ್ದದ್ದು, ಕರುವಿನ ಪಾಲಿಗೆ ಒಂದು ತೊಟ್ಟು ಬಿಡದೆ ಹಿಂಡಿಸಿದ್ದು. ದೊಡ್ಡಪ್ಪ ಕಟ್ಟೆಯ ಮೇಲೆ ತಪ್ಪದೆ ಬಂದು ಕೂರುತ್ತಿದ್ದ. ಈಗ ಹಗಲು ಮಲಗುತ್ತಿರಲಿಲ್ಲ. ಹೇಳಿದ್ದನ್ನೆಲ್ಲ ಮರುದಿನವೇ ಮಾಡುತ್ತಿದ್ದ. ಮಡಿ ಎಂದೂ ಇಲ್ಲದಷ್ಟು ಹಸಿರಾಯಿತು. ಅವ್ವನಿಗೆ ಭಯವಾಯಿತು. "ಭಾವಾರು ಖರೆನs ಅಕಿ ಮಾತಾಡ್ತಾಳಂತ ತಿಳದಾರೇನಲೇ?" ಎಂದು ನನ್ನನ್ನು ಕೇಳಿದಳು. ನಾನು ನಕ್ಕು ಹಾರಿಸಿದೆ. ಒಳಗೊಳಗೆ ನನಗೂ ಅದೇ ಭಯವಿತ್ತು. ಸತ್ತವರ ಬಾಯಲ್ಲಿ ಅವರು ಆಡದ ಮಾತು ಇಡುತ್ತಿದ್ದೆ. ಬದನೆಕಾಯಿಯ ವಿಷಯವಾದರೂ ಅದು ಇಡುವುದೇ.

ಒಂದು ಸಂಜೆ ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ದನದ ಮನೆಯೊಳಗೆ ಬಂದ. ಗೋಡೆಯ ಈಚೆ ಅವನು ಬಂದದ್ದು ಸೀರೆ ಉಟ್ಟ ದಿನದ ನಂತರ ಅದೇ ಮೊದಲು.

"ಒಂದ ಕೇಳತೀನಿ, ಹೇಳ" ಎಂದ. "ಅಕಿ ಹೋಗೂಕಿಂತ ನಾಕ ದಿನ ಮೊದಲಿನ ಮಾತು. ಕೈ ಜೋಮು ಹಿಡದಾವ್ರಿ, ಒಂದೆರಡ ದಿನ ನೀವs ಹಿಂಡ್ರಿ, ನಾ ಕಲಸ್ತೀನಿ ಅಂದ್ಲು. ನಾ ನಕ್ಕೆ. ಎಮ್ಮಿ ಹಿಂಡೂದು ಹೆಂಗಸರ ಕೆಲಸ ಅಂದೆ. ಆ ಜೋಮು ಕೈಲೇನs ಹಿಂಡಿದ್ಲು." ಚಂದ್ರಿಯ ಬೆನ್ನ ಮೇಲೆ ಕೈಯಿಟ್ಟ. "ಅದನ್ನ ಒಂದ ದಿನಾನೂ ಬೈಯಲಿಲ್ಲಲೇ ನೀ. ಎಲ್ಲಾದಕ್ಕೂ ಬೈದಿ, ಅದಕ್ಕ ಬೈಯಲಿಲ್ಲ. ಬೈ ಒಮ್ಮಿ. ಅಕಿ ಏನಂತಿದ್ಲು, ಅಂದಬಿಡು."

ನಾನು ಗಂಟಲು ಸರಿಮಾಡಿಕೊಂಡೆ. ಎದೆಯ ಮೇಲಿನ ಆ ಜಾಗ ಹುಡುಕಿದೆ. ಏನೂ ಇರಲಿಲ್ಲ. ಯಾರ ಧ್ವನಿಯೂ ಬರಲಿಲ್ಲ. "ನನಗ ಗೊತ್ತಿಲ್ರಿ ದೊಡ್ಡಪ್ಪಾರ" ಎಂದೆ. ಅದು ಮಾತ್ರ ನಿಜವಾದ ಮಾತಾಗಿತ್ತು.

ಅವನು ತಲೆಯಾಡಿಸಿದ. ಅವ್ವನನ್ನು ಏಳಿಸಿ ತಾನೇ ಕೂತ. ತಲೆಯ ರುಮಾಲು ತೆಗೆದು ಚಂದ್ರಿಯ ಹೊಟ್ಟೆಗೆ ಹಣೆ ಆನಿಸಿದ. ಸೀರೆ ಇರಲಿಲ್ಲ, ಸೆರಗಿರಲಿಲ್ಲ. ತನ್ನದೇ ಒಡಕು ಧ್ವನಿಯಲ್ಲಿ ಶುರುಮಾಡಿದ. "ಕೇಳಿದೇನs ಚಂದ್ರಿ, ನಿನ್ನ ಮಾಲಕ ಏನ್ ಮಾಡಿದಾ ಅಂತಿ? ಮೂರೊತ್ತೂ ದುಡಿಯೂಕಿ ಕೈ ಜೋಮು ಹಿಡದಾವ ಅಂದ್ರ ನಕ್ಕಾ. ಭಾಡ್ಯಾ ನಕ್ಕಾ." ಹೇಳುತ್ತ ಹೋದ. ಮೂವತ್ತು ವರ್ಷದ್ದು ಹೇಳಿದ. ನಮಗೆ ಗೊತ್ತಿರದ್ದು, ದೊಡ್ಡವ್ವನೂ ಎಂದೂ ಬೈಯದೆ ಬಿಟ್ಟದ್ದು. ಅವ್ವ ನಿಂತಲ್ಲೇ ಅವನ ಬೆರಳು ತಿದ್ದಿ ತೋರಿಸಿದಳು. ಎಷ್ಟೋ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಎಳೆ ಹಾಲು ಅವನ ಮೊಣಕೈ ಮೇಲೆ ಚಿಮ್ಮಿತು, ಇನ್ನೊಂದು ನೆಲಕ್ಕೆ. ಮೂರನೆಯದು ಚರಿಗೆಗೆ.

ಎಮ್ಮೆ ಸಾಕುವವರಿಗೆ ನನ್ನ ಸಲಹೆ ಇಷ್ಟೇ. ಮೇವು, ಹಿಂಡಿ, ಕ್ಯಾಲ್ಸಿಯಂ ಎಲ್ಲ ಡಾಕ್ಟರರು ಹೇಳುತ್ತಾರೆ. ಅವರು ಹೇಳದ್ದನ್ನು ನಾನು ಹೇಳುತ್ತೇನೆ. ಮನೆಯಲ್ಲಿ ಇಬ್ಬರಾದರೂ ಹಿಂಡುವುದನ್ನು ಕಲಿತಿರಿ, ಒಂದು ದಿನ ಬಿಟ್ಟು ಒಂದು ದಿನ ಪಾಳಿ ಹಚ್ಚಿಕೊಳ್ಳಿ. ಎಮ್ಮೆಗೆ ಎರಡು ಧ್ವನಿ ರೂಢಿಯಾಗಲಿ. ಕಲಿಸುತ್ತೇನೆ ಎಂದು ಯಾರಾದರೂ ಅಂದ ದಿನವೇ ಎದ್ದು ಹೋಗಿ ಪಕ್ಕದಲ್ಲಿ ಕೂತುಬಿಡಿ, ನಗುವುದನ್ನು ಆಮೇಲೆ ಇಟ್ಟುಕೊಳ್ಳಿ.

ಈಗ ದೊಡ್ಡಪ್ಪನೇ ಎರಡೂ ಹೊತ್ತು ಹಿಂಡುತ್ತಾನೆ. ಅರ್ಧ ಹಾಲು ತೋಳಿಗೆ, ಅರ್ಧ ಚರಿಗೆಗೆ. ಮೊನ್ನೆ ಗೋಡೆಯಾಚೆ ನಿಂತು ಕೇಳಿದೆ. ಟೊಮ್ಯಾಟೊ ಗಿಡಕ್ಕೆ ಕೋಲು ಕೊಡುವುದು ಮತ್ತೆ ಮರೆತದ್ದಕ್ಕೆ ಎಮ್ಮೆಯ ಮುಂದೆ ತನ್ನನ್ನೇ ಬೈದುಕೊಳ್ಳುತ್ತಿದ್ದ. ನನ್ನ ನೆರಳು ಕಂಡು, ನಾಚಿಕೆ ಮುಚ್ಚಿಕೊಳ್ಳಲು ಅರೆನಗುತ್ತ ಹೇಳಿದ. "ಏನ್ ಮಾಡೂದ್ ಮಗನ, ಅಕಿ ಪಾಲಿನ ಬೈಗುಳಾನೂ ಇನ್ನ ನಾನs ಬೈಕೋಬೇಕಲಾ."