ಅತ್ತೆಯ ಅರ್ಧ ಮಂಚದ ಮಲ್ಲಿಗೆ

ನನ್ನ ಅತ್ತೆ ಬೀ ಕಿದಾವಾ ಜಾಂಜಿಬಾರಿನ ನಮ್ಮ ಓಣಿಯಲ್ಲಿ ಯಾರಿಗೂ ಸೊಪ್ಪು ಹಾಕಿದವರಲ್ಲ. ಅಂಗಳದ ಮಲ್ಲಿಗೆ ಗಿಡಗಳೆಂದರೆ ಮಾತ್ರ ಕರಗಿ ನೀರಾಗುತ್ತಿದ್ದರು. ಇಳಿಹೊತ್ತಿನ ಅಸರ್ ನಮಾಜಿಗೆ ಮುಂಚೆ, ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕು. ಕೇದಿಗೆಯ ಗರಿ, ಕಾಮಕಸ್ತೂರಿ, ಗುಲಾಬಿ ಪಕಳೆ ಸೇರಿಸಿ ಪುಟ್ಟ ಗೊಂಚಲು ಕಟ್ಟಿ ಎದೆಯ ಬಳಿ ಸಿಕ್ಕಿಸಿಕೊಳ್ಳಬೇಕು. ಉಳಿದ ಮೊಗ್ಗೆಲ್ಲ ಹಾಸಿಗೆಯ ಮೇಲೆ. ಅಂಗಡಿಯ ಅತ್ತರು ತಂದುಕೊಟ್ಟರೆ ಮೂಗು ಮುರಿಯುತ್ತಿದ್ದರು.

"ಸತ್ತ ಹೂವಿನ ಕಷಾಯ ಯಾರಿಗೆ ಬೇಕು ಕಣೇ? ತಗೊಂಡು ಹೋಗು."

ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದ ಮಾವ ಶಾಮೆ ತೀರಿಕೊಂಡ ಮೇಲೆ ಅದೆಲ್ಲ ನಿಂತಿತು. ಗಂಡ ಸತ್ತ ಮೇಲಿನ ನಾಲ್ಕು ತಿಂಗಳು ಹತ್ತು ದಿನದ ಶೋಕ, ಇದ್ದತ್ತು, ಮುಗಿಯುವವರೆಗೆ ವಿಧವೆ ಸುಗಂಧ ಮುಟ್ಟುವಂತಿಲ್ಲ. ಮಲ್ಲಿಗೆ ಅರಳಿ ಅರಳಿ ಅಂಗಳದಲ್ಲೇ ಉದುರಿತು. ದಿನವೂ ನಾನೇ ಗುಡಿಸಿ ಹಾಕುತ್ತಿದ್ದೆ.

ನನ್ನ ಗಂಡ ಮಸೂದನಿಗೆ ಮಾತ್ರ ಆ ಜಾಗದಲ್ಲಿ ನೀರಿನ ತೊಟ್ಟಿ ಕಾಣತೊಡಗಿತು. ಹೆಂಗಸು ಹಾಸಿಗೆಗೆ ಹೂ ಚೆಲ್ಲುವುದು ಗಂಡನಿಗಾಗಿ ಎಂದು ನಮ್ಮಲ್ಲಿ ಎಲ್ಲರೂ ಬಲ್ಲರು. ಗಂಡನೇ ಇಲ್ಲದ ಮೇಲೆ ಗಿಡ ಯಾಕೆ ಎಂಬುದು ಅವನ ಲೆಕ್ಕ. ಇದ್ದತ್ತು ಮುಗಿಯುವ ಹಿಂದಿನ ದಿನ ಹೇಳಿಯೇಬಿಟ್ಟ.

"ಅಮ್ಮಾ, ನಾಳೆ ಗಾರೆಯವನು ಬರ್ತಾನೆ. ಮಲ್ಲಿಗೆ ಕಡಿದು ತೊಟ್ಟಿ ಕಟ್ಟಿಸ್ತೀನಿ. ಇನ್ನು ನಿಂಗೆ ಅದ್ಯಾಕೆ?"

"ಬರಲಿ. ಅಸರ್ ಆದ್ಮೇಲೆ ಬರೋಕೆ ಹೇಳು," ಎಂದರು ಅತ್ತೆ.

ಒಪ್ಪಿದರೆಂದು ಅವನು ಹಿಗ್ಗಿದ. ನನಗೆ ಸಿಟ್ಟು ನೆತ್ತಿಗೇರಿತ್ತು.

ಮರುದಿನ ಓಣಿಯ ಹೆಂಗಸರು ಬಂದು ಅತ್ತೆಗೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಧೂಪ ಹಾಕಿದರು. ಅವರು ಹೋದದ್ದೇ ತಡ, ಅತ್ತೆ ಬುಟ್ಟಿ ಹಿಡಿದು ಅಂಗಳಕ್ಕಿಳಿದರು. ಮಸೂದ ಗಾರೆಯವನೊಂದಿಗೆ ಬರುವಷ್ಟರಲ್ಲಿ ಗಿಡದಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ.

"ಮಚ್ಚು ಅಲ್ಲೇ ಇಟ್ಟು ಒಳಗೆ ಬಾರೋ," ಎಂದು ಕೋಣೆಯಿಂದ ಕೂಗಿದರು.

ಅಗಲವಾದ ಮಂಚ, ಈ ಅಂಚಿನಿಂದ ಆ ಅಂಚಿನವರೆಗೆ ಮಲ್ಲಿಗೆ. ಮಸೂದ ಕಕ್ಕಾಬಿಕ್ಕಿಯಾದ.

"ಯಾರಿಗಮ್ಮಾ ಇದೆಲ್ಲ? ಯಾರಾದ್ರೂ... ಬರ್ತಿದಾರಾ?"

"ಥೂ, ನಿನ್ನ ಬುದ್ಧಿಗಿಷ್ಟು! ನನಗೆ ಕಣೋ. ಯಾವತ್ತೂ ನನಗೇ. ನಿಮ್ಮಪ್ಪನಿಗೆ ಮಲ್ಲಿಗೆ ಅಂದ್ರೆ ಸೀನು. 'ನಿನ್ನ ತೋಟ ನಿನ್ನ ಕಡೆ ಇಟ್ಕೋ ಕಿದಾವಾ' ಅಂತ ಎಲ್ಲಾನೂ ನನ್ನ ಪಕ್ಕಕ್ಕೆ ತಳ್ಳಿಬಿಡ್ತಿದ್ರು. ಮದುವೆ ಆದಾಗಿಂದ ನನ್ನ ಹೂ ಇದ್ದದ್ದು ಅರ್ಧ ಮಂಚದಲ್ಲೇ." ಮಾವನ ಕಡೆ ಚೆಲ್ಲಿದ್ದ ಹೂಗಳನ್ನು ಸರಿಮಾಡಿದರು. "ಈಗ ಆ ಅರ್ಧ ಖಾಲಿ ಬಿದ್ದಿದೆ. ಅದನ್ನ ಯಾವುದರಿಂದ ತುಂಬಿಸ್ಲಿ ಹೇಳು, ನಿನ್ನ ತೊಟ್ಟಿ ನೀರಿಂದಲಾ?"

ಮಸೂದ ಹೊರಗೆ ಹೋಗಿ, ತೊಟ್ಟಿಯನ್ನು ಮಾಳಿಗೆಯ ಮೇಲೆ ಕಟ್ಟಲು ಗಾರೆಯವನಿಗೆ ಹೇಳಿದ.

ಅತ್ತೆ ಮಂಚ ಹತ್ತಿದರು. ಮಾವ ಮಲಗುತ್ತಿದ್ದ ಕಡೆಗೆ ಸರಿದು, ಹೂವಿನಲ್ಲಿ ಮುಖವಿಟ್ಟರು. ನಾನು ಬಾಗಿಲು ಮುಂದೆ ಮಾಡಿಕೊಂಡು ಬಂದೆ.