ಪ್ರಫುಲ್ಲಾ ಕೊಡದ ಹಾಲು

ಪ್ರಫುಲ್ಲಾಳ ಕಾಲು ಸೆಟೆದುಕೊಳ್ಳಲು ಶುರುವಾದಾಗ ಮರಾಠಿ ನಾಡಿನ ಕಾತ್ರಜದಲ್ಲಿದ್ದ ಅವರ ಹೋಟೆಲಿಗೆ ಚಾ ಕುಡಿಯಲು ಬಂದವರೆಲ್ಲ ಡಾಕ್ಟರಾದರು. ವಾಯು ಎಂದರು ಒಬ್ಬರು, ಬಾಣಂತನ ಸರಿಯಾಗಿಲ್ಲ ಎಂದರು ಇನ್ನೊಬ್ಬರು. ಪುಕ್ಕಟೆ ಸಲಹೆಗೆ ಬರವೇ? ಗಂಡ ಮೋಹನದಾಸ್ ತೈಲ ತಂದ, ಅತ್ತೆ ರಾಜೀವಿ ತಿಕ್ಕಿದರು. ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದು ಮಾತ್ರ ದಿನೇ ದಿನೇ ಕಷ್ಟವಾಯಿತು.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿನ ನರರೋಗದ ಡಾಕ್ಟರು ಧಾರವಾಡದ ಕಡೆಯವರು. ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡಿ, "ಹುಟ್ಟಿದ್ದು ಎಲ್ಲಿರಿ?" ಎಂದು ಕೇಳಿದರು.

"ಸೆಶೆಲ್ಸ್ ದ್ವೀಪದಲ್ಲಿ. ಅಪ್ಪ ಅಲ್ಲಿ ಅಡುಗೆ ಕೆಲಸಕ್ಕೆ ಇದ್ರು."

ಅದು ಅವಳ ಹೆಮ್ಮೆಯ ಕಥೆ. ಹೆತ್ತಮ್ಮ ಜ್ವರದಲ್ಲಿ ಮಲಗಿದಾಗ, ಪಕ್ಕದ ಮನೆಯ ದ್ವೀಪದ ಹೆಂಗಸು ತೆರೇಸ್ ವರ್ಷವಿಡೀ ಹಾಲೂಡಿಸಿ ಸಾಕಿದ್ದಳು. ನನಗೆ ಇಬ್ಬರು ಅಮ್ಮಂದಿರು ಎಂದು ಕಂಡವರಿಗೆಲ್ಲ ಹೇಳುವವಳು ಡಾಕ್ಟರಿಗೂ ಹೇಳಿದಳು. ಅವರು ನಗಲಿಲ್ಲ. ರಕ್ತ ತೆಗೆಸಿ ವಿದೇಶಕ್ಕೆ ಕಳುಹಿಸಿದರು.

ಉತ್ತರ ಬರುವಷ್ಟರಲ್ಲಿ ೧೯೮೮ರ ಮಳೆಗಾಲ ಹಿಡಿದಿತ್ತು.

"ಬಿಸಿಲ ನಾಡಿನ ಎಷ್ಟೋ ದ್ವೀಪದಾಗ ಈ ಬ್ಯಾನಿ ಅದರಿ," ಎಂದರು ಡಾಕ್ಟರು. "ರಕ್ತದಾಗ ಒಂದು ವೈರಸ್ ಇರ್ತದ, ಹಾಲು ಕುಡಿಸಿದಾಕಿಯಿಂದ ಕೂಸಿಗೆ ಹೋಗ್ತದ. ನಿಮಗೂ ಹಂಗ ಬಂದಿರಬೇಕು. ಭಾಳ ಮಂದಿಗೆ ಏನೂ ಆಗೂದಿಲ್ಲ, ಕೆಲವರಿಗೆ ಹಿಂಗ ಕಾಲು ಸೆಟೀತಾವ. ಮುಟ್ಟಿದರ, ಕೂಡಿ ಉಂಡರ ಬರೂದಿಲ್ಲ. ಇನ್ನ ಮ್ಯಾಲೆ ಯಾವ ಕೂಸಿಗೂ ಹಾಲು ಕುಡಿಸಬ್ಯಾಡ್ರಿ."

ಮನೆಯಲ್ಲಿ ಅವಳು ನರದ ದೋಷವಂತೆ ಎಂದಷ್ಟೇ ಹೇಳಿದಳು. ಅಂಟುರೋಗ ಎಂದರೆ ಹೋಟೆಲಿನ ಅಡುಗೆಮನೆಗೆ ಬಿಡುತ್ತಾರೆಯೇ? ಒಂದೂವರೆ ವರ್ಷದ ಮಗನಿಗೆ ಅಂದೇ ಹಾಲು ಬಿಡಿಸಿದಳು.

ಅದೇ ವಾರ ನಾದಿನಿ ಲೀಲಾಕ್ಷಿ ಹೆತ್ತಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದವಳು. ಅವಳಿಗೆ ಹಾಲಿಳಿಯಲಿಲ್ಲ, ಮಗು ಅತ್ತೂ ಅತ್ತೂ ಕೆಂಪಾಯಿತು. ಹಾಲಿರುವ ಹೆಂಗಸು ಮನೆಯಲ್ಲಿದ್ದರೆ ಕೇಳುವುದು ಬೇಡ, ಮಗುವನ್ನು ಅವಳ ಮಡಿಲಿಗೆ ಹಾಕಿದರಾಯಿತು, ಇದು ಅವರ ಕರಾವಳಿ ಕಡೆಯ ಪದ್ಧತಿ. ರಾಜೀವಿಯೂ ಅದನ್ನೇ ಮಾಡಿದರು.

ಅಳು ಕೇಳಿಯೇ ಪ್ರಫುಲ್ಲಾಳ ರವಿಕೆ ಒದ್ದೆಯಾಗಿತ್ತು. ಅವಳು ಮಗುವನ್ನೆತ್ತಿ ಅತ್ತೆಯ ಕೈಗೆ ಮರಳಿಸಿದಳು.

"ಎಂಥ ಕಲ್ಲು ಮನಸ್ಸು ಮಾರಾಯ್ತಿ ನಿನ್ನದು," ಎಂದರು ರಾಜೀವಿ. "ಯಾರದೋ ಹಾಲು ಕುಡಿದು ಬದುಕಿದವಳಲ್ವಾ ನೀನು?"

"ಅದಕ್ಕೇ ಅತ್ತೆ," ಎಂದಳು ಪ್ರಫುಲ್ಲಾ. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಲೀಲಾಕ್ಷಿ ಕೈಚಾಚಿ ಮಗುವನ್ನು ತನ್ನತ್ತ ಎಳೆದುಕೊಂಡಳು. ಪ್ರಫುಲ್ಲಾಳಿಗೆ ನೋವಾಯಿತು, ಆದರೆ ಲೀಲಾಕ್ಷಿಯದು ತಪ್ಪೆನಿಸಲಿಲ್ಲ. ಹಾಲಿನ ಪುಡಿಯ ಡಬ್ಬಿ ತರಲು ಮೋಹನದಾಸ್ ಕೊಡೆಯನ್ನೂ ಮರೆತು ಓಡಿದ.

ಅಷ್ಟರಲ್ಲಿ ಮಗ ಬಂದು, ಹಾಲು ಬೇಕೆಂದು ಅಮ್ಮನ ಸೆರಗು ಹಿಡಿದು ಜಗ್ಗತೊಡಗಿದ. ರಾಜೀವಿ ಅವನನ್ನೇ ನೋಡಿದರು.

"ಹಾಗಾದ್ರೆ ಇವನಿಗೆ?"

"ಗೊತ್ತಿಲ್ಲ ಅತ್ತೆ."

ರಾಜೀವಿ ಅವನ ಕೈ ಬಿಡಿಸಿ, "ಅಲ್ಲಿವರೆಗೆ ಓಡು ಮಗಾ," ಎಂದರು. ಅವನು ಅಳು ಮರೆತು ಬಾಗಿಲವರೆಗೆ ಓಡಿದ, ನಗುತ್ತ ವಾಪಸು ಓಡಿ ಬಂದ. ಅತ್ತೆ ಸೊಸೆ ಇಬ್ಬರೂ ಅವನ ಕಾಲುಗಳನ್ನೇ ನೋಡುತ್ತ ಕೂತರು.